ಕೂದಲೆಳೆಯ ಸಂದಿನಲ್ಲಿ ಎಂಜಿನ್ನಿನ ಪ್ರಾಣ

ಬೇಸಿಗೆ ರಜೆಯಲ್ಲಿ ಮಗನೋ ಮಗಳೋ ಮಾದರಿ ವಿಮಾನದ ಪುಟಾಣಿ ಟೂ-ಸ್ಟ್ರೋಕ್ ಎಂಜಿನ್ ಬಿಚ್ಚಿ, ಹಳೆಯ ಪತ್ರಿಕೆಯ ಮೇಲೆ ಹರಡಿಕೊಂಡು ಕುಳಿತಿದ್ದರೆ ಗದರಬೇಡಿ. ಮಾದರಿ ವಿಮಾನ ತಯಾರಿ ಎನ್‌ಸಿಸಿ ವಾಯುದಳ ವಿಭಾಗದ ತರಬೇತಿಯಲ್ಲೂ ಇದೆ. ಬಿಚ್ಚುವುದು ಸುಲಭ. ಮರಳಿ ಜೋಡಿಸುವಾಗ ಏಳುವ ಪ್ರಶ್ನೆ ಇದು: ಪಿಸ್ಟನ್‌ಗೂ ಸಿಲಿಂಡರಿಗೂ ನಡುವೆ ಎಷ್ಟು ಸಂದು ಬೇಕು?

ಉತ್ತರ ನಿಮ್ಮ ಭೌತಶಾಸ್ತ್ರದ ಪಾಠದಲ್ಲೇ ಇದೆ. ಒಂದು ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಅಲ್ಯುಮಿನಿಯಂ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ. ಬೀಡು ಕಬ್ಬಿಣ ಸುಮಾರು 11 ಪಾಲು. 20 ಮಿ.ಮೀ. ವ್ಯಾಸದ ಅಲ್ಯುಮಿನಿಯಂ ಪಿಸ್ಟನ್ 150 ಡಿಗ್ರಿ ಕಾದರೆ 0.069 ಮಿ.ಮೀ. ದಪ್ಪವಾಗುತ್ತದೆ. ಗಾಳಿಗೆ ತಣಿಯುವ ಕಬ್ಬಿಣದ ಸಿಲಿಂಡರ್ 100 ಡಿಗ್ರಿಯಷ್ಟೇ ಕಾದರೆ ಅದು ಅಗಲವಾಗುವುದು 0.022 ಮಿ.ಮೀ. ವ್ಯತ್ಯಾಸ 0.047 ಮಿ.ಮೀ. ಇಷ್ಟು ಜಾಗವನ್ನು ತಣ್ಣಗಿರುವಾಗಲೇ ಬಿಟ್ಟಿರಬೇಕು. ಎಣ್ಣೆಯ ಪದರಕ್ಕೆ ಇನ್ನೂ ಚೂರು. ಆ ಸಂದನ್ನು ರಿಂಗು ಮುಚ್ಚಿಕೊಳ್ಳುತ್ತದೆ. ಜಾಗ ಸಾಲದಿದ್ದರೆ ಹಾರಾಟದ ನಡುವೆಯೇ ಪಿಸ್ಟನ್ ಕಚ್ಚಿಕೊಂಡೀತು.

ಆದರೆ ರಿಂಗಿಲ್ಲದ ‘ಎ.ಬಿ.ಸಿ.’ ಎಂಜಿನ್ನಿನ ಲೆಕ್ಕವೇ ಬೇರೆ. ಅಲ್ಯುಮಿನಿಯಂ ಪಿಸ್ಟನ್, ಹಿತ್ತಾಳೆಯ ಕೊಳವೆ, ಅದರ ಒಳಮೈಗೆ ಕ್ರೋಮಿಯಂ ಲೇಪ. ಸಿಲಿಕಾನ್ ಬೆರೆಸಿದ ಈ ಪಿಸ್ಟನ್ ಕಡಿಮೆ ಹಿಗ್ಗುತ್ತದೆ, ಹಿತ್ತಾಳೆ ಅದಕ್ಕಿಂತ ಹೆಚ್ಚು. ಆದ್ದರಿಂದ ಕೊಳವೆಯ ಮೇಲ್ತುದಿಯನ್ನು ಬೇಕೆಂದೇ ತುಸು ಕಿರಿದಾಗಿಸಿರುತ್ತಾರೆ. ತಣ್ಣಗಿರುವಾಗ ಅಲ್ಲಿ ಬಿಗಿ, ಕಾದಾಗ ಸರಾಗ.

ಹೊಸಬರು ಎಡವುವುದು ಇಲ್ಲೇ. ‘ಜಾಮ್ ಆಗಿದೆ’ ಎಂದು ಎಮರಿ ಕಾಗದದಿಂದ ತಿಕ್ಕುತ್ತಾರೆ. ಎಂಜಿನ್ ಹಗುರವಾಗಿ ತಿರುಗುತ್ತದೆ, ಆದರೆ ಒತ್ತಡ ಸೋರಿ ಚಾಲೂ ಆಗುವುದಿಲ್ಲ. ತಿಕ್ಕಿ ಹೋದ ಲೋಹ ಮರಳಿ ಬಾರದು.

ಪರೀಕ್ಷೆ ಸರಳ. ಎರಡನ್ನೂ ಶುಚಿಗೊಳಿಸಿ ಒರೆಸಿ, ಪಿಸ್ಟನ್ನನ್ನು ಕೊಳವೆಯ ಕೆಳಗಿನಿಂದ ಬೆರಳಲ್ಲೇ ಮೆಲ್ಲನೆ ತಳ್ಳಿ. ತುದಿಗೆ ಕೆಲವು ಮಿ.ಮೀ. ಮುನ್ನ ತಾನಾಗಿ ನಿಂತರೆ ಜೋಡಿ ಗಟ್ಟಿಯಾಗಿದೆ. ತಡೆಯಿಲ್ಲದೆ ಹೊರಬಂದರೆ ಸವೆದಿದೆ. ಪಿಸ್ಟನ್, ಕೊಳವೆ ಎರಡನ್ನೂ ಒಟ್ಟಿಗೇ ಬದಲಿಸಿ.

ಪೋಷಕರಿಗೊಂದು ಮಾತು. ಇದರ ಇಂಧನದಲ್ಲಿ ಹರಳೆಣ್ಣೆಯಿರಬಹುದು, ಅದು ಮನೆಗೆ ಪರಿಚಿತವೇ. ಜೊತೆಗಿರುವ ಮೆಥನಾಲ್ ಮಾತ್ರ ವಿಷ. ಅದರ ಜ್ವಾಲೆ ಹಗಲಲ್ಲಿ ಕಾಣುವುದೇ ಕಷ್ಟ. ಡಬ್ಬಿ ನಿಮ್ಮ ಸುಪರ್ದಿಯಲ್ಲಿರಲಿ, ಮೈಕ್ರೋಮೀಟರ್ ಮಕ್ಕಳ ಕೈಯಲ್ಲಿರಲಿ.