ನಂದಿ ಬೆಟ್ಟದ ಮೆಟ್ಟಿಲ ದಾರಿ: ಮನೆಯವರೆಲ್ಲ ತುದಿ ಸೇರುವ ಲೆಕ್ಕ

ಮನೆಯವರೆಲ್ಲ ಸೇರಿ ಬೆಟ್ಟಕ್ಕೆ ಹೋದಾಗ ಏನಾಗುತ್ತದೆ ಎಂದು ನಿಮಗೂ ಗೊತ್ತು. ಹುಡುಗರು ಓಡಿ ಹತ್ತುತ್ತಾರೆ. ಅಮ್ಮಂದಿರು, ದಾದಿ-ನಾನಿಯರು, ಮಗು ಎತ್ತಿಕೊಂಡ ಅಕ್ಕಂದಿರು ಬಿರಿಯಾನಿ ಡಬ್ಬಿ ಕಾಯುತ್ತಾ ಬುಡದಲ್ಲೇ ಕೂರುತ್ತಾರೆ. ಹತ್ತಿದವರು ಇಳಿದು ಬಂದು ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. ಇದನ್ನು ಫ್ಯಾಮಿಲಿ ಟ್ರೆಕ್ ಎನ್ನಲು ನನಗೆ ಮನಸ್ಸಿಲ್ಲ. ಕೆಳಗೆ ಕುಳಿತವರಿಗೆ ಶಕ್ತಿ ಇಲ್ಲ ಎಂದಲ್ಲ. ಬೆಟ್ಟ ಆರಿಸುವಾಗ, ಸಮಯ ಇಡುವಾಗ ಅವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ, ಅಷ್ಟೆ.

ಸಮಯದ ಲೆಕ್ಕಕ್ಕೆ ಹಳೆಯದೊಂದು ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಒಂದು ಕಿಲೋಮೀಟರಿಗೆ 12 ನಿಮಿಷ. ಅದರ ಜೊತೆಗೆ ಪ್ರತಿ 100 ಮೀಟರ್ ಏರಿಕೆಗೆ ಇನ್ನು 10 ನಿಮಿಷ. ಅಂದರೆ ದೂರಕ್ಕಿಂತ ಎತ್ತರವೇ ಹೆಚ್ಚು ಸಮಯ ತಿನ್ನುತ್ತದೆ. "ಎರಡೇ ಕಿಲೋಮೀಟರ್" ಎಂದು ಕೇಳಿ ಹೊರಟವರು ಅರ್ಧ ದಾರಿಯಲ್ಲಿ ಏದುಸಿರು ಬಿಡುವುದು ಇದಕ್ಕೇ.

ನಂದಿ ಬೆಟ್ಟವನ್ನೇ ನೋಡಿ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಬುಡದ ಸುಲ್ತಾನ್‌ಪೇಟೆಯಿಂದ ಹಳೆಯ ಕಲ್ಲು ಮೆಟ್ಟಿಲುಗಳ ದಾರಿ ಇದೆ, ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಬೆಟ್ಟದ ತುದಿ 1,478 ಮೀಟರ್. ಏರಿಕೆ 500 ಮೀಟರ್, ದಾರಿ 2 ಕಿ.ಮೀ. ಎಂದು ಹಿಡಿಯೋಣ. 24 ನಿಮಿಷ, ಅದಕ್ಕೆ 50 ಸೇರಿಸಿ: 74 ನಿಮಿಷ. ಆದರೆ ಇದು ನಡೆದು ಅಭ್ಯಾಸವಿರುವ, ನಡುವೆ ಎಲ್ಲೂ ಕೂರದವರ ಲೆಕ್ಕ. ಮನೆಯವರ ಜೊತೆ ಹೋಗುವುದಾದರೆ ಎರಡರಷ್ಟು ಇಡಿ, ಎರಡೂವರೆ ಗಂಟೆ. ನಮ್ಮ ಅಕೌಂಟೆನ್ಸಿಯಲ್ಲಿ ಬರುವ ಪ್ರೂಡೆನ್ಸ್ ತತ್ವವೂ ಇದನ್ನೇ ಹೇಳುವುದು: ಬರದ ಲಾಭವನ್ನು ಮೊದಲೇ ಬರೆಯಬೇಡ, ಬರಬಹುದಾದ ನಷ್ಟಕ್ಕೆ ಮೊದಲೇ ಎತ್ತಿಡು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಲಿ, ಉಳಿದವರು ಅವರ ಹಿಂದೆ. ಉಲ್ಟಾ ಮಾಡಿದರೆ ಮುಂದಿನವರು ಕಾದು ಕುಳಿತು ಸುಧಾರಿಸಿಕೊಳ್ಳುತ್ತಾರೆ, ಹಿಂದಿನವರು ಬಂದ ಕೂಡಲೇ "ಚಲೋ" ಎಂದು ಎದ್ದುಬಿಡುತ್ತಾರೆ. ನಿಜವಾಗಿ ದಣಿದವರಿಗೆ ಕೂರಲು ಸಿಗುವುದೇ ಇಲ್ಲ.

ನಾನು ನಂದಿಯನ್ನು ಆರಿಸಲು ಮುಖ್ಯ ಕಾರಣ ಬೇರೆ. ಮೆಟ್ಟಿಲ ದಾರಿ, ಡಾಂಬರು ರಸ್ತೆ ಎರಡೂ ಒಂದೇ ತುದಿಗೆ ಹೋಗುತ್ತವೆ. ಮಂಡಿ ನೋವಿನ ದಾದಿ ಬಸ್ಸಿನಲ್ಲಿ ಬರಲಿ, ನಡೆಯುವವರು ನಡೆದು ಬರಲಿ, ಊಟ ಮೇಲೆ ಒಟ್ಟಿಗೆ. ಮೈಸೂರಿನ ಚಾಮುಂಡಿ ಬೆಟ್ಟದಲ್ಲೂ ಈ ಅನುಕೂಲ ಇದೆ. ಹತ್ತಿರದ ಸ್ಕಂದಗಿರಿಯಲ್ಲಿ ತುದಿಗೆ ರಸ್ತೆ ಇಲ್ಲ, ಎಲ್ಲರೂ ಹತ್ತಲೇಬೇಕು. ಸಾವನದುರ್ಗ ಬರೀ ಬೋಳು ಬಂಡೆ. ಮಳೆ ಬಿದ್ದರೆ ಜಾರುತ್ತದೆ. ಅವೆರಡೂ ಸ್ನೇಹಿತರ ಜೊತೆಗೆ ಸರಿ.

ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ ಇದೆ. ಅದರ ಹೆಸರನ್ನು ಹಲವರು ‘ತಷ್ಕ್-ಎ-ಜನ್ನತ್’ ಎಂದು ಬರೆದು ‘ಸ್ವರ್ಗದ ಅಸೂಯೆ’ ಎಂದು ಅರ್ಥ ಕೊಡುತ್ತಾರೆ. ಉರ್ದುವಿನಲ್ಲಿ ಆ ಅರ್ಥ ಬರುವ ಪದ ‘ರಷ್ಕ್’. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದದ್ದು ಈ ಕೋಟೆಯನ್ನೇ. ಮೆಟ್ಟಿಲು ಹತ್ತಿ ಬಂದವರಿಗೆ ಅದು ಎಷ್ಟು ಕಷ್ಟದ ಕೆಲಸವಾಗಿತ್ತು ಎಂದು ಯಾರೂ ವಿವರಿಸಬೇಕಿಲ್ಲ.

ಫಜ್ರ್ ಮುಗಿಸಿ ಬೆಂಗಳೂರಿನಿಂದ ಹೊರಟರೆ ಏಳೂವರೆಗೆ ಮೊದಲ ಮೆಟ್ಟಿಲು, ಹತ್ತಕ್ಕೆ ತುದಿ. ಹನ್ನೆರಡಕ್ಕೆ ಇಳಿಯತೊಡಗಿದರೂ ಜೊಹರ್‌ಗೆ ಬೇಕಾದಷ್ಟು ಸಮಯ ಉಳಿಯುತ್ತದೆ. ವುಜೂಗೆ ಒಂದು ಬಾಟಲಿ ನೀರು ಬೇರೆಯೇ ಇಟ್ಟುಕೊಳ್ಳಿ. ಬುರ್ಖಾ ಹಾಕುವವರು ಕಣಕಾಲಿನ ಮೇಲೆ ನಿಲ್ಲುವಂಥದ್ದು ಆರಿಸಿಕೊಂಡು ಶೂ ಹಾಕಿದರೆ ಮೆಟ್ಟಿಲಲ್ಲಿ ಅಂಚು ಕಾಲಿಗೆ ಸಿಗುವುದಿಲ್ಲ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಬೇಡ, ಕೋತಿಗಳು ಅದನ್ನೇ ನೋಡುತ್ತಿರುತ್ತವೆ.

ಇಳಿಯುವಾಗ ಉಸಿರು ಕಟ್ಟುವುದಿಲ್ಲ, ಆದರೆ ತೊಡೆ ಮತ್ತು ಮಂಡಿಯ ಮೇಲೆ ಹೊರೆ ಹೆಚ್ಚು. ಅಭ್ಯಾಸವಿಲ್ಲದವರಿಗೆ ತೊಡೆಯ ನೋವು ಅದೇ ದಿನವಲ್ಲ, ಮರುದಿನ, ಅದರ ಮರುದಿನ ಜೋರಾಗಿರುತ್ತದೆ. ಸೋಮವಾರ ಟೆಸ್ಟ್ ಇದ್ದು, ನಿಮ್ಮ ತರಗತಿ ಎರಡನೇ ಮಹಡಿಯಲ್ಲಿದ್ದರೆ ಭಾನುವಾರ ಹೋಗಬೇಡಿ.