ಅಳಿಸಿದರೂ ಉಳಿಯುವ ಕಡತ

ಕೆಲವು ವರ್ಷಗಳ ಹಿಂದಿನ ಮಾತು. ಡಾಬಕಾ ಭಾಗದ ಶಾಲೆಯೊಂದರ ಲಿನಕ್ಸ್ ಗಣಕಯಂತ್ರದಲ್ಲಿ ಅಂಕಪಟ್ಟಿ ತಯಾರಿಸುತ್ತಿದ್ದೆ. ಯಂತ್ರ ‘ಜಾಗವಿಲ್ಲ’ ಎಂದಿತು. ಹಳೆಯ ಪಾಠದ ವಿಡಿಯೊ ಅಳಿಸಲು ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ‘ಅಳಿಸಿದೆ ಸರ್, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ’ ಎಂದ. ನೋಡಿದರೆ ಜಾಗ ಸ್ವಲ್ಪವೂ ಹೆಚ್ಚಿರಲಿಲ್ಲ. ಸುಳ್ಳು ಹೇಳುತ್ತೀಯಾ ಎಂದು ಎಲ್ಲರೆದುರು ಗದರಿದೆ. ಆಮೇಲೆ ತಿಳಿಯಿತು, ಆ ವಿಡಿಯೊವನ್ನು ಯಾರೋ ನೋಡುತ್ತಾ ಹಾಗೆಯೇ ತೆರೆದಿಟ್ಟಿದ್ದರು. ಅದನ್ನು ಮುಚ್ಚಿದೊಡನೆ ಜಾಗ ಬಂತು!

ಹೀಗೇಕೆ? ಮದುವೆಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಒಬ್ಬರು ಉಣ್ಣುತ್ತಿದ್ದರೂ ಜಮಖಾನೆ ಎಳೆಯುವುದುಂಟೇ? ಕೊನೆಯವರು ಏಳುವವರೆಗೆ ಕಾಯಬೇಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಆರಂಭಿಸಿದ ಯುನಿಕ್ಸ್‌ನಲ್ಲೂ, ಅದರ ಮಾದರಿಯಲ್ಲಿ 1991ರಲ್ಲಿ ಹುಟ್ಟಿದ ಲಿನಕ್ಸ್‌ನಲ್ಲೂ ಇದೇ ಕ್ರಮ. ಕಡತಕ್ಕೆ ಎರಡು ಲೆಕ್ಕಗಳಿರುತ್ತವೆ: ಅದಕ್ಕೆ ಎಷ್ಟು ಹೆಸರುಗಳಿವೆ, ಈಗ ಎಷ್ಟು ಕಡೆ ಬಳಕೆಯಲ್ಲಿದೆ. ಅಳಿಸಿದಾಗ ಹೋಗುವುದು ಹೆಸರು ಮಾತ್ರ. ಎರಡೂ ಲೆಕ್ಕ ಸೊನ್ನೆಯಾದಾಗಲೇ ಜಾಗದ ಬಿಡುಗಡೆ.

ಈ ಲೆಕ್ಕ ತಪ್ಪಬಾರದು. ಬಳಸಿ ಮುಗಿಸಿದವರು ಒಂದನ್ನು ಕಳೆಯಲು ಮರೆತರೆ, ಯಾರಿಗೂ ಬೇಡವಾದ ಜಾಗ ಹಾಗೆಯೇ ಬಂಧಿಯಾಗುತ್ತದೆ. ಒಂದು ಹೆಚ್ಚು ಕಳೆದರೆ ಇನ್ನೂ ಕೆಟ್ಟದ್ದು. ಒಬ್ಬರು ಬಳಸುತ್ತಿರುವ ಜಾಗವೇ ಬೇರೊಬ್ಬರ ಪಾಲಾಗಿ ಮಾಹಿತಿ ಕೆಡಬಹುದು, ಯಂತ್ರವೇ ನಿಂತುಹೋಗಬಹುದು.

ಇಂದಿನ ಗಣಕದಲ್ಲಿ ಹಲವು ಸಂಸ್ಕಾರಕಗಳು ಒಟ್ಟಿಗೆ ದುಡಿಯುತ್ತವೆ. ಎರಡು ಸಂಸ್ಕಾರಕಗಳು ಒಂದೇ ಕ್ಷಣದಲ್ಲಿ 5 ಎಂದು ಓದಿ, ತಲಾ ಒಂದು ಕೂಡಿಸಿ, 6 ಎಂದು ಬರೆದರೆ? ಇರಬೇಕಾದದ್ದು 7! ಅದಕ್ಕಾಗಿ ಒಬ್ಬರು ಮುಗಿಸುವವರೆಗೆ ಉಳಿದವರನ್ನು ತಡೆಯುವ ‘ಬೀಗ’ ಬಳಸುತ್ತಿದ್ದರು. ಆದರೆ ಬೀಗದ ಮುಂದೆ ಸರದಿ ಬೆಳೆಯುತ್ತದೆ. ಬೆಂಗಳೂರಿನ ಐಬಿಎಂ ಪ್ರಯೋಗಾಲಯದ ದೀಪಂಕರ್ ಸರ್ಮಾ ಮತ್ತು ಮನೀಶ್ ಸೋನಿ, ಹನ್ನಾ ಲಿಂಡರ್ ಅವರೊಡನೆ 2002ರಲ್ಲಿ ಕೆನಡಾದ ಒಟ್ಟಾವಾ ಸಮ್ಮೇಳನದಲ್ಲಿ ಇದಕ್ಕೊಂದು ಪರಿಹಾರ ಮಂಡಿಸಿದರು. ಕಡತದ ಹೆಸರು ಹುಡುಕುವಾಗ ಬೀಗ ಬೇಡ. ತೆಗೆದುಹಾಕಿದ ದಾಖಲೆಯನ್ನು ಆಗ ಓದುತ್ತಿದ್ದವರು ಮುಗಿಸುವವರೆಗೆ ಇಟ್ಟುಕೊಂಡರಾಯಿತು. ಮತ್ತೆ ಅದೇ ಪಂಕ್ತಿಯ ನೀತಿ!

ವಿದ್ಯಾರ್ಥಿಗಳೇ, ಯಂತ್ರ ವಿಚಿತ್ರವಾಗಿ ವರ್ತಿಸಿದರೆ ಕಾರಣ ಹುಡುಕಿ. ಪಾಲಕರೇ, ಕಾರಣ ತಿಳಿಯುವ ಮುನ್ನ ಮಕ್ಕಳನ್ನು ಗದರಬೇಡಿ. ಮರುದಿನ ತರಗತಿಯಲ್ಲಿ ಎಲ್ಲರೆದುರೇ ನಾನು ಆ ಹುಡುಗನಿಗೆ ‘ತಪ್ಪು ನನ್ನದಪ್ಪಾ’ ಎಂದೆ. ಆ ಲೆಕ್ಕವೂ ಚುಕ್ತಾ ಆಗಬೇಕಿತ್ತು.