ನಿಮಗಿದು ಗೊತ್ತೆ? ದೇವನಹಳ್ಳಿಯಲ್ಲಿ ಮಲಕೆಸರು ಗೊಬ್ಬರವಾಗುವ ಬಗೆ

ಒಳಚರಂಡಿಯಿಲ್ಲದ ಊರುಗಳಲ್ಲಿ ಶೌಚಗುಂಡಿಯ ಕೆಸರನ್ನು ಹಳ್ಳಕ್ಕೋ ಕೆರೆಗೋ ಸುರಿದರೆ ಅದು ಮಳೆನೀರಿನೊಂದಿಗೆ ನದಿ ಸೇರುತ್ತದೆ. ಇದನ್ನು ತಡೆಯಲೆಂದು ದಕ್ಷಿಣ ಪಿನಾಕಿನಿ ಕಣಿವೆಯ ದೇವನಹಳ್ಳಿಯಲ್ಲಿ 2015ರಲ್ಲಿ ಮಲಕೆಸರು ಸಂಸ್ಕರಣಾ ಘಟಕ ಆರಂಭವಾಯಿತು. ಇಡೀ ಪಟ್ಟಣಕ್ಕೆಂದು ಕಟ್ಟಿದ ಇಂಥ ಘಟಕ ದೇಶದಲ್ಲೇ ಮೊದಲನೆಯದು. ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಸಕ್ಕಿಂಗ್ ಯಂತ್ರದ ಲಾರಿ ತಂದ ಕೆಸರು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆತ ಮೇಲೆ ಮರಳು-ಜಲ್ಲಿಯ ಹಾಸಿಗೆ ಬರುತ್ತದೆ. ಅಲ್ಲಿ ನೀರು ಕೆಳಗೆ ಬಸಿಯುತ್ತದೆ, ಗಟ್ಟಿ ಭಾಗ ಮೇಲೆ ಒಣಗುತ್ತದೆ. ಒಣಗಿದ್ದನ್ನು ಊರಿನ ಹಸಿಕಸದೊಂದಿಗೆ ಬೆರೆಸಿ ರಾಶಿ ಹಾಕಿದಾಗ, ಒಳಗೆ ಏರುವ ಬಿಸಿಗೆ ರೋಗಾಣುಗಳೂ ಜಂತುಹುಳದ ಮೊಟ್ಟೆಗಳೂ ಸಾಯುತ್ತವೆ. ಹೊಲಕ್ಕೆ ಒಳ್ಳೆಯ ಗೊಬ್ಬರ ಸಿಗುತ್ತದೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಹಾಸಿನಲ್ಲಿ ಹಾಯುವಾಗ, ಬೇರುಗಳ ಸುತ್ತಲಿನ ಬ್ಯಾಕ್ಟೀರಿಯಾಗಳು ಅದರ ಕೊಳೆಯನ್ನು ತಿಂದು ನೀರನ್ನು ತಿಳಿಗೊಳಿಸುತ್ತವೆ.